ಬ್ಯಾಕ್‌ಲಾಗ್‌ನಲ್ಲಿ ಎಲ್ಲವೂ "ಮಸ್ಟ್" ಆಗಿದೆ, ಮೊದಲು ಯಾವುದನ್ನು ಕೈಗೆತ್ತಿಕೊಳ್ಳಬೇಕು?

ಪ್ರಶ್ನೆ: ಹೊಸ ಪಿಓ

ಎಲ್ಲರಿಗೂ ನಮಸ್ಕಾರ. ಸಪೋರ್ಟ್ ತಂಡದಲ್ಲಿದ್ದ ನನ್ನನ್ನು ಈಚೆಗೆ ಪ್ರಾಡಕ್ಟ್ ಓನರ್ (ಪಿಓ, ಅಂದರೆ ತಂಡ ಏನನ್ನು ಯಾವ ಕ್ರಮದಲ್ಲಿ ಮಾಡಬೇಕು ಅಂತ ನಿರ್ಧರಿಸುವವರು) ಮಾಡಿದ್ದಾರೆ. ನಮ್ಮದು ಕ್ಲಿನಿಕ್‌ಗಳಿಗೆ ಅಪಾಯಿಂಟ್‌ಮೆಂಟ್ ಬುಕ್ ಮಾಡುವ ಸಾಫ್ಟ್‌ವೇರ್. ರೋಗಿಗಳು ಮೊಬೈಲ್‌ನಲ್ಲಿ ಸಮಯ ಗೊತ್ತು ಮಾಡಿಕೊಳ್ಳುತ್ತಾರೆ, ರಿಸೆಪ್ಷನ್‌ನಲ್ಲಿ ಕೂತವರು ಅದೇ ಕ್ಯಾಲೆಂಡರನ್ನು ಕಂಪ್ಯೂಟರ್‌ನಲ್ಲಿ ನಿಭಾಯಿಸುತ್ತಾರೆ. ಐದು ಜನ ಡೆವಲಪರ್‌ಗಳು, ಒಬ್ಬ ಟೆಸ್ಟರ್, ಇನ್ನೊಂದು ತಂಡದ ಜೊತೆ ಹಂಚಿಕೊಂಡಿರುವ ಒಬ್ಬ ಡಿಸೈನರ್ ಇದ್ದಾರೆ. ಎರಡೆರಡು ವಾರದ ಅವಧಿಗಳಲ್ಲಿ, ಅಂದರೆ ಸ್ಪ್ರಿಂಟ್‌ಗಳಲ್ಲಿ, ಕೆಲಸ.

ನನ್ನ ಕೈಗೆ ಬಂದ ಬ್ಯಾಕ್‌ಲಾಗ್‌ನಲ್ಲಿ, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ, ಮುನ್ನೂರಕ್ಕೂ ಹೆಚ್ಚು ಟಿಕೆಟ್‌ಗಳಿವೆ (ಒಂದು ಟಿಕೆಟ್ ಅಂದರೆ ಒಂದು ಬೇಡಿಕೆ). "ರಿಪೋರ್ಟ್ ಸರಿ ಮಾಡಿ", "ವಾಟ್ಸಾಪ್ ಬೇಕು", "ಕ್ಯಾಲೆಂಡರ್ ಸ್ಲೋ" ಅನ್ನುವಂಥ ಶೀರ್ಷಿಕೆಗಳು, ಒಳಗೆ ವಿವರಣೆಯೇ ಇಲ್ಲ. ಕೆಲವನ್ನು ಬರೆದವರು ಈಗ ಕಂಪನಿಯಲ್ಲೇ ಇಲ್ಲ. ಸೇಲ್ಸ್, ಸಪೋರ್ಟ್, ಮ್ಯಾನೇಜ್‌ಮೆಂಟ್, ಕ್ಲಿನಿಕ್‌ಗಳ ವೈದ್ಯರು ಹೀಗೆ ಎಲ್ಲ ದಿಕ್ಕಿನಿಂದಲೂ ಬೇಡಿಕೆ ಬರುತ್ತದೆ, ಬಂದದ್ದೆಲ್ಲ ಅರ್ಜೆಂಟ್.

ಮೊದಲು ಮಾಸ್ಕೋ ವಿಧಾನ ಹಿಡಿದೆವು: ಮಸ್ಟ್ (ಬೇಕೇ ಬೇಕು), ಶುಡ್ (ಇರಬೇಕು), ಕುಡ್ (ಇದ್ದರೆ ಒಳ್ಳೆಯದು), ವೋಂಟ್ (ಈಗ ಬೇಡ). ಮೀಟಿಂಗ್ ಮುಗಿಯುವ ಹೊತ್ತಿಗೆ ಬಹುಪಾಲು ಮಸ್ಟ್‌ನಲ್ಲಿ ಕೂತಿದ್ದವು. ವೋಂಟ್ ಪೂರ್ತಿ ಖಾಲಿ. ಆಮೇಲೆ ರೈಸ್ ಸ್ಕೋರ್ ಹಾಕಿದೆವು (ಎಷ್ಟು ಜನರನ್ನು ತಲುಪುತ್ತದೆ, ಎಷ್ಟು ಪರಿಣಾಮ ಅಂದರೆ ಇಂಪ್ಯಾಕ್ಟ್, ಎಷ್ಟು ಖಾತ್ರಿ, ಇವನ್ನು ಗುಣಿಸಿ ಶ್ರಮದಿಂದ ಭಾಗಿಸುವುದು). ಅದರಲ್ಲಿ ತಮ್ಮ ಐಟಂ ಕೆಳಗೆ ಹೋಯಿತೆಂದರೆ ಇಂಪ್ಯಾಕ್ಟ್ 1 ಇದ್ದದ್ದನ್ನು 3 ಮಾಡಿ ಅಂತ ಹಟ ಹಿಡಿಯುತ್ತಾರೆ. ಕೊನೆಗೆ ಜೋರಾಗಿ ಮಾತಾಡಿದವರ ಟಿಕೆಟ್ಟೇ ಸ್ಪ್ರಿಂಟ್‌ಗೆ ಬರುತ್ತದೆ.

ಸದ್ಯ ಮೂರು ಕೆಲಸಗಳ ಮೇಲೆ ಎಳೆದಾಟ ನಡೆದಿದೆ.

ಹೊಸದಾಗಿ ಸೇರುತ್ತಿರುವ ಒಂದು ದೊಡ್ಡ ಕ್ಲಿನಿಕ್ ಸಮೂಹಕ್ಕೆ ತಮ್ಮ ಹಳೆಯ ಅಪಾಯಿಂಟ್‌ಮೆಂಟ್‌ಗಳನ್ನೆಲ್ಲ ಎಕ್ಸೆಲ್‌ನಿಂದ ಒಳಗೆ ತರುವ ಸೌಲಭ್ಯ ಬೇಕು. ಸೇಲ್ಸ್‌ನವರ ಪ್ರಕಾರ ಇದೇ ಮೊದಲು.

ವೈದ್ಯರು ಇದ್ದಕ್ಕಿದ್ದಂತೆ ರಜೆ ಹಾಕಿದರೆ ಸಿಸ್ಟಂನಲ್ಲಿ ಅದನ್ನು ಹೇಳುವ ದಾರಿಯೇ ಇಲ್ಲ. ರಿಸೆಪ್ಷನ್‌ನವರು ಆ ದಿನದ ಒಬ್ಬೊಬ್ಬ ರೋಗಿಯನ್ನೂ ಹುಡುಕಿ ಫೋನ್ ಮಾಡುತ್ತಾರೆ. ಅಷ್ಟರಲ್ಲಿ ಮೊಬೈಲ್‌ನಲ್ಲಿ ಅದೇ ವೈದ್ಯರಿಗೆ ಹೊಸ ಬುಕಿಂಗ್ ಬರುತ್ತಲೇ ಇರುತ್ತದೆ. ಸಪೋರ್ಟ್‌ನಲ್ಲಿದ್ದಾಗ ಈ ಕರೆಗಳನ್ನು ನಾನೇ ತೆಗೆದುಕೊಳ್ಳುತ್ತಿದ್ದೆ.

ಮೂರನೆಯದು ಡೆವಲಪರ್‌ಗಳದ್ದು. ಎಸ್ಎಂಎಸ್, ಇಮೇಲ್ ಕಳಿಸುವ ಹಳೆಯ ಕೋಡ್ ತುಂಬ ಹದಗೆಟ್ಟಿದೆ, ಅದನ್ನು ಬಿಚ್ಚಿ ಹೊಸದಾಗಿ ಬರೆಯದಿದ್ದರೆ ಮುಂದೆ ಏನನ್ನೂ ಸೇರಿಸಲು ಆಗುವುದಿಲ್ಲ ಅನ್ನುತ್ತಾರೆ.

ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ಆ ಮುನ್ನೂರನ್ನು ಯಾವ ರೀತಿ ಜೋಡಿಸಿದರೆ ನಾಳೆ ನಾಲ್ಕನೆಯದು ಬಂದಾಗ ಇದೇ ಜಗಳ ಆಗುವುದಿಲ್ಲ?

---

ಉತ್ತರ: ಬ್ಯಾಕೆಂಡ್ ಡೆವ್

ಡಬ್ಲ್ಯೂಎಸ್‌ಜೆಎಫ್ (ವೇಯ್ಟೆಡ್ ಶಾರ್ಟೆಸ್ಟ್ ಜಾಬ್ ಫಸ್ಟ್) ಪ್ರಯತ್ನಿಸಿ ನೋಡಿ. ತಡವಾದರೆ ಆಗುವ ನಷ್ಟವನ್ನು ಕೆಲಸದ ಗಾತ್ರದಿಂದ ಭಾಗಿಸುವುದು, ಅಷ್ಟೇ. ಮೂಲ ವಿಚಾರ ಡಾನ್ ರೈನರ್ಟ್‌ಸನ್ ಅವರದು. ದೊಡ್ಡ ಸಂಸ್ಥೆಗಳ ಹಲವು ತಂಡಗಳಿಗಾಗಿ ಇರುವ ಸೇಫ್ ಚೌಕಟ್ಟಿನಲ್ಲಿ ಈ ನಷ್ಟವನ್ನು ಮೂರು ಭಾಗ ಮಾಡುತ್ತಾರೆ: ಬಳಕೆದಾರರಿಗೂ ವ್ಯಾಪಾರಕ್ಕೂ ಸಿಗುವ ಬೆಲೆ, ಕಾಲದ ಒತ್ತಡ, ಅಪಾಯ ತಗ್ಗಿಸುವ ಅಥವಾ ಹೊಸ ದಾರಿ ತೆರೆಯುವ ಗುಣ. ಮೂರನ್ನೂ ಕೂಡಿ ಗಾತ್ರದಿಂದ ಭಾಗಿಸಿದರೆ ಚಿಕ್ಕದಾಗಿದ್ದು ಹೆಚ್ಚು ಬೆಲೆಯುಳ್ಳದ್ದು ತಾನಾಗಿ ಮೇಲೆ ಬರುತ್ತದೆ.

ನಿಮ್ಮ ಮೂರನೆಯ ಐಟಂಗೆ ಇದರಿಂದ ಖಂಡಿತ ಅನುಕೂಲ. ಕೋಡ್ ಶುಚಿಗೊಳಿಸುವ ಕೆಲಸಕ್ಕೆ ರೈಸ್‌ನಲ್ಲಿ ಜಾಗವೇ ಸಿಗುವುದಿಲ್ಲ, ಯಾಕೆಂದರೆ ಅಲ್ಲಿ ಮೊದಲ ಪ್ರಶ್ನೆಯೇ ಎಷ್ಟು ಬಳಕೆದಾರರನ್ನು ತಲುಪುತ್ತದೆ ಅನ್ನುವುದು. ಇಲ್ಲಿ ಹೊಸ ದಾರಿ ತೆರೆಯುವ ಕೆಲಸ ಅಂತ ಅದಕ್ಕೂ ಅಂಕ ಬೀಳುತ್ತದೆ.

---

ಉತ್ತರ: ಹಳೇ ಬಿಎ

ಮೇಲಿನವರು ಹೇಳಿದ ಲೆಕ್ಕ ಸರಿಯಾಗಿಯೇ ಇದೆ. ಆದರೆ ಈ ಹಂತದಲ್ಲಿ ದಯವಿಟ್ಟು ಯಾವ ಸ್ಕೋರನ್ನೂ ಹಾಕಬೇಡಿ. ನಿಮ್ಮ ಪಟ್ಟಿ ಇನ್ನೂ ಸ್ಕೋರ್ ಹಾಕುವ ಸ್ಥಿತಿಯಲ್ಲಿಲ್ಲ. "ವಾಟ್ಸಾಪ್ ಬೇಕು" ಅನ್ನುವುದು ಯಾರೋ ಯೋಚಿಸಿಟ್ಟ ಪರಿಹಾರ, "ಕ್ಯಾಲೆಂಡರ್ ಸ್ಲೋ" ಒಂದು ದೂರು, ಎಕ್ಸೆಲ್ ಆಮದು ಒಬ್ಬ ಗ್ರಾಹಕರಿಗೆ ಕೊಟ್ಟ ಮಾತು, ನೋಟಿಫಿಕೇಶನ್ ಕೋಡ್ ಒಳಗಿನ ಕೆಲಸ. ನಾಲ್ಕು ಜಾತಿಯ ವಸ್ತುಗಳಿಗೆ ಒಂದೇ ಅಳತೆಗೋಲು ಹಿಡಿದರೆ ಬರುವ ಸಂಖ್ಯೆಯನ್ನು ಯಾರೂ ನಂಬುವುದಿಲ್ಲ. ನಂಬದ ಸಂಖ್ಯೆಯನ್ನು ತಿದ್ದಲು ಯಾರಿಗೂ ಸಂಕೋಚ ಇರುವುದಿಲ್ಲ. ನಿಮ್ಮಲ್ಲಿ ಇಂಪ್ಯಾಕ್ಟ್ 1 ಇದ್ದದ್ದು 3 ಆಗುತ್ತಿರುವುದು ಅದಕ್ಕೇ.

ನಾನು ಬಹಳ ಕಾಲ ಬಿಸಿನೆಸ್ ಅನಲಿಸ್ಟ್ ಆಗಿ ದಪ್ಪ ದಪ್ಪ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಬರೆದವಳು, ಈಗ ನಿಮ್ಮದೇ ಕೆಲಸ ಮಾಡುತ್ತಿದ್ದೇನೆ. ಯಾವುದೇ ಹೊಸ ಪ್ರಾಡಕ್ಟ್ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಒಂದು ಉದ್ದನೆಯ ಗೋಡೆಯನ್ನು. ಜೆಫ್ ಪ್ಯಾಟನ್ ಅವರ ಸ್ಟೋರಿ ಮ್ಯಾಪಿಂಗ್ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ನಿಮ್ಮ ಪ್ರಾಡಕ್ಟನ್ನೇ ಇಟ್ಟುಕೊಂಡು ಹೇಳುತ್ತೇನೆ.

ಗೋಡೆಯ ಮೇಲ್ಭಾಗದಲ್ಲಿ ಎಡದಿಂದ ಬಲಕ್ಕೆ ರೋಗಿ ನಡೆಯುವ ದಾರಿಯನ್ನು ಅಂಟಿಸಿ: ವೈದ್ಯರನ್ನು ಹುಡುಕುತ್ತಾರೆ, ಸಮಯ ಆರಿಸುತ್ತಾರೆ, ಖಚಿತ ಮಾಡುತ್ತಾರೆ, ಕ್ಲಿನಿಕ್‌ಗೆ ಬರುತ್ತಾರೆ, ಸರದಿ ಕಾಯುತ್ತಾರೆ, ವೈದ್ಯರನ್ನು ಕಾಣುತ್ತಾರೆ, ಹಣ ಕಟ್ಟುತ್ತಾರೆ, ಮುಂದಿನ ಭೇಟಿ ಗೊತ್ತು ಮಾಡಿಕೊಳ್ಳುತ್ತಾರೆ. ಇನ್ನೊಂದು ಕಡೆ ರಿಸೆಪ್ಷನ್‌ನವರ ದಾರಿ: ಬೆಳಿಗ್ಗೆ ದಿನದ ಪಟ್ಟಿ ತೆರೆಯುವುದು, ವೈದ್ಯರು ಸಿಗುವ ಸಮಯ ಹಾಕುವುದು, ನೇರವಾಗಿ ಬಂದವರನ್ನು ನಡುವೆ ಸೇರಿಸುವುದು, ಬದಲಾವಣೆ ಆದರೆ ತಿಳಿಸುವುದು, ಸಂಜೆ ಲೆಕ್ಕ ಮುಗಿಸುವುದು. ಈ ಮೇಲಿನ ಸಾಲು ಬೆನ್ನೆಲುಬು. ಆಮೇಲೆ ಆ ಮುನ್ನೂರು ಟಿಕೆಟ್‌ಗಳಲ್ಲಿ ಒಂದೊಂದನ್ನೂ ಎತ್ತಿಕೊಂಡು ಅದು ಯಾವ ಹೆಜ್ಜೆಯ ಕೆಳಗೆ ಬರುತ್ತದೋ ಅಲ್ಲಿ ಅಂಟಿಸಿ.

ಆಗ ಪಟ್ಟಿಯಲ್ಲಿ ಕಾಣದ ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಸಂಜೆಯ ಲೆಕ್ಕದ ಕೆಳಗೆ ರಿಪೋರ್ಟ್ ಟಿಕೆಟ್‌ಗಳು ಒಂದರ ಮೇಲೊಂದು ಬಂದು ಕೂರಬಹುದು, ಯಾಕೆಂದರೆ ರಿಪೋರ್ಟ್ ನೋಡುವವರು ಮ್ಯಾನೇಜರ್‌ಗಳು, ಅವರಿಗೆ ನಿಮ್ಮವರ ಫೋನ್ ನಂಬರ್ ಗೊತ್ತು. "ಬದಲಾವಣೆ ಆದರೆ ತಿಳಿಸುವುದು" ಅನ್ನುವುದರ ಕೆಳಗೆ ನೀವು ಹೇಳಿದ ರಜೆಯ ಟಿಕೆಟ್ ಒಂದೇ ನಿಂತಿರಬಹುದು. ದಾರಿ ಕಡಿದುಹೋಗಿರುವುದು ಅಲ್ಲಿ. ಬಾಯಿದ್ದವ ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಬರೀ ಪಟ್ಟಿ ಇದ್ದಾಗ ನಡೆಯುವುದು ಅದೇ. ಗೋಡೆಯ ಮೇಲೆ ದಾರಿ ಕಂಡಾಗ ಬಾಯಿಲ್ಲದವರ ಕೆಲಸಕ್ಕೂ ಒಂದು ಜಾಗ ಇರುತ್ತದೆ, ಆ ಜಾಗ ಖಾಲಿ ಇದ್ದರೆ ಕೋಣೆಯಲ್ಲಿರುವ ಎಲ್ಲರಿಗೂ ಕಾಣುತ್ತದೆ.

ಆ ಗೋಡೆಯ ಮುಂದೆ ಯಾರು ನಿಲ್ಲುತ್ತಾರೆ ಅನ್ನುವುದು ಬಹಳ ಮುಖ್ಯ. ಕೇಳುವವರು ಒಬ್ಬರು, ಬಳಸುವವರು ಇನ್ನೊಬ್ಬರು. ನಿಜವಾಗಿ ರಿಸೆಪ್ಷನ್‌ನಲ್ಲಿ ಕೂರುವ ಒಬ್ಬರನ್ನಾದರೂ ಅರ್ಧ ದಿನ ಕರೆಸಿಕೊಳ್ಳಿ, ಆಗದಿದ್ದರೆ ನೀವೇ ಹೋಗಿ ಅವರ ಪಕ್ಕದಲ್ಲಿ ಕೂತು ನೋಡಿ. ಅವರ ಮಾನಿಟರ್‌ಗೆ ಅಂಟಿಸಿಕೊಂಡ ಚೀಟಿಗಳನ್ನೂ, ಪಕ್ಕದಲ್ಲಿ ಇಟ್ಟುಕೊಂಡ ನೋಟ್‌ಬುಕ್ಕನ್ನೂ ಗಮನಿಸಿ. ಸಾಫ್ಟ್‌ವೇರ್ ಕೈಬಿಟ್ಟ ಜಾಗದಲ್ಲೆಲ್ಲ ಜನ ಕಾಗದ ಹಿಡಿದಿರುತ್ತಾರೆ. ನನಗೆ ಸಿಕ್ಕ ಒಳ್ಳೆಯ ರಿಕ್ವೈರ್‌ಮೆಂಟ್‌ಗಳಲ್ಲಿ ಹೆಚ್ಚಿನವು ಅಂಥ ನೋಟ್‌ಬುಕ್‌ಗಳಿಂದಲೇ ಬಂದವು.

ಅಂಟಿಸುವಾಗಲೇ ಪ್ರತಿ ಟಿಕೆಟ್‌ಗೂ ಒಂದು ಪ್ರಶ್ನೆ ಕೇಳಿ: ಇದು ಇಲ್ಲದೆ ಇವತ್ತು ಏನು ನಡೆಯುತ್ತಿದೆ? "ವಾಟ್ಸಾಪ್ ಬೇಕು" ಎಂದವರನ್ನು ಹೀಗೆ ಕೇಳಿದರೆ, ಜನ ಬುಕ್ ಮಾಡಿ ಮರೆತುಬಿಡುತ್ತಾರೆ, ಆ ಸಮಯ ಖಾಲಿ ಹೋಗುತ್ತದೆ ಅನ್ನಬಹುದು. ಹಾಗಾದರೆ ಬೇಕಿರುವುದು ಖಾಲಿ ಹೋಗುವ ಸಮಯ ಕಡಿಮೆಯಾಗುವುದು. ಹಿಂದಿನ ದಿನ ಒಂದು ಎಸ್ಎಂಎಸ್, ಅದರಲ್ಲಿ ರದ್ದು ಮಾಡುವ ಲಿಂಕ್ ಇದ್ದರೂ ಸಾಕಾಗಬಹುದು. ಯೂಸರ್ ಸ್ಟೋರಿಯ (ಬಳಕೆದಾರರ ಕಣ್ಣಿನಿಂದ ಬರೆದ ಚಿಕ್ಕ ಬೇಡಿಕೆಯ) ಬಗ್ಗೆ ರಾನ್ ಜೆಫ್ರೀಸ್ 2001ರಲ್ಲಿ ಮೂರು ಭಾಗ ಹೇಳಿದರು: ಕಾರ್ಡ್, ಮಾತುಕತೆ, ಖಚಿತಪಡಿಸುವಿಕೆ. ನಿಮ್ಮ ಪಟ್ಟಿಯಲ್ಲಿರುವುದು ಮುನ್ನೂರು ಕಾರ್ಡ್ ಮಾತ್ರ, ಮಾತುಕತೆ ಇನ್ನೂ ಆಗಿಲ್ಲ. "ಇಂಥವನಾಗಿ ನನಗೆ ಇಂಥದ್ದು ಬೇಕು, ಇದರಿಂದ ಇಂಥ ಪ್ರಯೋಜನ" ಅನ್ನುವ ಸಾಲಿನ ಅಚ್ಚು ಎಲ್ಲರಿಗೂ ಬಾಯಿಪಾಠ. ಆದ್ಯತೆ ನಿರ್ಧರಿಸಲು ಕೆಲಸಕ್ಕೆ ಬರುವುದು ಅದರ ಕೊನೆಯ ಭಾಗ. ಆ ಪ್ರಯೋಜನವನ್ನು ಯಾರಿಂದಲೂ ತುಂಬಲು ಆಗದಿದ್ದರೆ ಆ ಕಾರ್ಡ್ ಗೋಡೆಗೆ ಹೋಗಬೇಕಾಗಿಲ್ಲ.

ಗೋಡೆಗೆ ಹೋಗದ ಟಿಕೆಟ್‌ಗಳನ್ನು ಮುಚ್ಚಿಬಿಡಿ. ಕೇಳಿದವರು ಇನ್ನೂ ಇದ್ದರೆ ಅವರಿಗೊಂದು ಸಾಲು ಬರೆದು ಮುಚ್ಚಿ. ನಿಜವಾಗಿ ಬೇಕಾದದ್ದು ತಾನಾಗಿ ಮತ್ತೆ ಬರುತ್ತದೆ, ಬಂದಾಗ ಮೊದಲಿಗಿಂತ ಸ್ಪಷ್ಟವಾಗಿ ಬರುತ್ತದೆ. ಚಿಕ್ಕ ಹಂತಗಳಲ್ಲಿ ಸಾಫ್ಟ್‌ವೇರ್ ಕಟ್ಟುವ ಅಜೈಲ್ ಪದ್ಧತಿಯ 2001ರ ಪ್ರಣಾಳಿಕೆಯ ಹಿಂದಿನ ಹನ್ನೆರಡು ತತ್ವಗಳಲ್ಲಿ, ಮಾಡದೆ ಬಿಡುವ ಕೆಲಸವನ್ನು ಹೆಚ್ಚಿಸಿಕೊಳ್ಳುವ ಕಲೆಯೇ ಸರಳತೆ ಎಂಬರ್ಥದ ಒಂದು ತತ್ವ ಇದೆ. ನನಗೆ ಅತಿ ಪ್ರಿಯವಾದದ್ದು ಅದೇ.

ಇನ್ನು ಮಾಸ್ಕೋ. ಅದನ್ನು ಎಸೆಯಬೇಡಿ, ಅದರ ಅರ್ಧ ಭಾಗ ನಿಮ್ಮ ಮೀಟಿಂಗ್‌ಗೆ ಬರಲೇ ಇಲ್ಲ. ಡೈ ಕ್ಲೆಗ್ 1994ರಲ್ಲಿ ಒರಾಕಲ್‌ನಲ್ಲಿದ್ದಾಗ ರೂಪಿಸಿದ ಈ ವಿಧಾನ ಆಮೇಲೆ ಡಿಎಸ್‌ಡಿಎಂ ಎಂಬ ಅಜೈಲ್ ಚೌಕಟ್ಟಿನ ಭಾಗವಾಯಿತು. ಅಲ್ಲಿ ಅದಕ್ಕೊಂದು ಗಡಿ ಇದೆ: ಒಂದು ನಿಗದಿತ ಅವಧಿಯ ಒಟ್ಟು ಶ್ರಮದಲ್ಲಿ ಮಸ್ಟ್‌ಗಳು ಶೇಕಡಾ 60 ದಾಟಬಾರದು, ಕುಡ್‌ಗೆ ಸುಮಾರು ಶೇಕಡಾ 20 ಇರಬೇಕು. ಅಂದಾಜು ತಪ್ಪಿದರೆ ಕುಡ್‌ಗಳನ್ನು ಬಿಟ್ಟು ಮಸ್ಟ್‌ಗಳನ್ನು ಉಳಿಸಿಕೊಳ್ಳಲು ಈ ವ್ಯವಸ್ಥೆ. ಅವಧಿಯನ್ನೇ ಹೇಳದೆ "ಇದು ಮಸ್ಟಾ?" ಅಂತ ಕೇಳಿದರೆ ಯಾರಾದರೂ ಹೌದು ಎಂದೇ ಹೇಳುತ್ತಾರೆ. ಮುಂದಿನ ರಿಲೀಸ್‌ಗೆ ಮೂರು ಸ್ಪ್ರಿಂಟ್ ಇದೆ ಅಂದುಕೊಳ್ಳಿ. ಆಗ ಕೇಳಬೇಕಾದದ್ದು: ಇದೊಂದು ಇಲ್ಲದಿದ್ದರೆ ಆ ರಿಲೀಸನ್ನೇ ನಿಲ್ಲಿಸುತ್ತೀರಾ? ಇಲ್ಲ, ಹೇಗೋ ಕೈಯಿಂದ ಮಾಡಿಕೊಳ್ಳುತ್ತೇವೆ ಅಂದರೆ ಅದು ಶುಡ್. ವೋಂಟ್ ಅಂದರೂ ಅದು ಈ ಅವಧಿಗೆ ಮಾತ್ರ. ಇಷ್ಟು ಬಿಡಿಸಿ ಹೇಳಿದರೆ ವೋಂಟ್‌ನಲ್ಲಿ ಹಾಕಲು ಜನರಿಗೆ ಅಷ್ಟು ಭಯ ಇರುವುದಿಲ್ಲ.

ಇನ್ನೊಂದು ಎಚ್ಚರ. ಎಷ್ಟು ಜನ ಕೇಳಿದ್ದಾರೆ ಅನ್ನುವ ಎಣಿಕೆಯನ್ನು ಆದ್ಯತೆ ಅಂತ ತಿಳಿಯಬೇಡಿ. ನೊರಿಯಾಕಿ ಕಾನೊ 1984ರಲ್ಲಿ ಮುಂದಿಟ್ಟ ಗ್ರಾಹಕರ ತೃಪ್ತಿಯ ಮಾದರಿಯಲ್ಲಿ ಒಂದು ಬಗೆಯ ಗುಣಗಳಿವೆ: ಇದ್ದರೆ ಯಾರೂ ಹೊಗಳುವುದಿಲ್ಲ, ಇಲ್ಲದಿದ್ದರೆ ಯಾರೂ ಕ್ಷಮಿಸುವುದಿಲ್ಲ. ಒಂದೇ ಸಮಯವನ್ನು ಇಬ್ಬರು ರೋಗಿಗಳಿಗೆ ಕೊಡಬಾರದು ಅಂತ ಯಾವ ಕ್ಲಿನಿಕ್ಕೂ ನಿಮಗೆ ಟಿಕೆಟ್ ಬರೆದಿರಲಾರದು. ಅವರಿಗೆ ಅದು ಕೇಳುವ ವಿಷಯವೇ ಅಲ್ಲ. ಮತ ಎಣಿಸಿ ಸಾಲು ಮಾಡಿದರೆ ಇಂಥವು ಕೆಳಗೆ ಹೋಗುತ್ತವೆ, ಇಲ್ಲವೇ ಪಟ್ಟಿಗೇ ಬರುವುದಿಲ್ಲ. ಅದಕ್ಕೇ ಕಾನೊ ವಿಧಾನದಲ್ಲಿ ಪ್ರಶ್ನೆ ಜೋಡಿಯಾಗಿ ಬರುತ್ತದೆ: ಇದು ಇದ್ದರೆ ನಿಮಗೆ ಹೇಗನ್ನಿಸುತ್ತದೆ, ಇಲ್ಲದಿದ್ದರೆ ಹೇಗನ್ನಿಸುತ್ತದೆ.

ಈಗ ನಿಮ್ಮ ಮೂರು ಕೆಲಸ. ನಾನಾಗಿದ್ದರೆ ಮೂರನ್ನೂ ಇಡಿಯಾಗಿ ಹೋಲಿಸುತ್ತಲೇ ಇರಲಿಲ್ಲ. ಮೊದಲು ಸೀಳಿ, ಆಮೇಲೆ ಸಾಲು ಮಾಡಿ.

ರಜೆಯ ಕೆಲಸದಲ್ಲಿ ಅತಿ ತೆಳುವಾದ ಆದರೆ ಪೂರ್ತಿ ಉಪಯೋಗಕ್ಕೆ ಬರುವ ತುಂಡು ಯಾವುದು? ರಿಸೆಪ್ಷನ್‌ನವರು "ಈ ವೈದ್ಯರು ಈ ದಿನ ಇಲ್ಲ" ಅಂತ ಗುರುತು ಹಾಕಬೇಕು, ಆ ಕ್ಷಣದಿಂದ ಹೊಸ ಬುಕಿಂಗ್ ನಿಲ್ಲಬೇಕು, ತೊಂದರೆಗೆ ಸಿಕ್ಕಿದ ರೋಗಿಗಳ ಪಟ್ಟಿ ಫೋನ್ ನಂಬರ್ ಸಮೇತ ಒಂದೇ ಕಡೆ ಬರಬೇಕು. ಫೋನ್ ಇನ್ನೂ ಅವರೇ ಮಾಡುತ್ತಾರೆ. ಆದರೆ ಹುಡುಕಾಟ ಹೋಯಿತು, ಗಾಯ ದೊಡ್ಡದಾಗುವುದೂ ನಿಂತಿತು. ಎರಡನೆಯ ತುಂಡಿನಲ್ಲಿ ಪಟ್ಟಿಯವರಿಗೆಲ್ಲ ಸಂದೇಶ ತಾನಾಗಿ ಹೋಗುವುದು. ಮೂರನೆಯದರಲ್ಲಿ ಆ ಸಂದೇಶದಿಂದಲೇ ರೋಗಿ ಬೇರೆ ಸಮಯ ಆರಿಸಿಕೊಳ್ಳುವುದು.

ಇಲ್ಲಿ ಒಂದನ್ನು ಗಮನಿಸಿ. ಮೊದಲ ತುಂಡಿಗೆ ನೋಟಿಫಿಕೇಶನ್ ಕೋಡನ್ನು ಮುಟ್ಟುವ ಅಗತ್ಯವೇ ಇಲ್ಲ. ಎರಡನೆಯದಕ್ಕೆ ಇದೆ. ಹಾಗಾಗಿ ಡೆವಲಪರ್‌ಗಳ ಕೆಲಸ ಬೇರೆ ಸ್ಪರ್ಧಿಯಾಗಿ ನಿಲ್ಲಬೇಕಾಗಿಲ್ಲ, ಎರಡನೆಯ ತುಂಡಿನ ಮುಂಚೆ ಅದಕ್ಕೆ ಬೇಕಾದಷ್ಟು ಭಾಗವಾಗಿ ಅದರ ಸರದಿ ಬರುತ್ತದೆ. ಯಾಕೆ ಮಾಡುತ್ತಿದ್ದೇವೆ ಅಂತ ಸೇಲ್ಸ್‌ನವರಿಗೂ ಒಂದು ವಾಕ್ಯದಲ್ಲಿ ಹೇಳಬಹುದು. ಕೋಡ್ ಇಡೀ ಹೊಸದಾಗಿ ಬರೆಯಬೇಕೆಂಬ ಮಾತಿಗೆ ಮಾತ್ರ ಒಪ್ಪಬೇಡಿ. ಸಂದೇಶ ಕಳಿಸುವ ಒಂದು ದಾರಿಯನ್ನು ಬಿಡಿಸಿ ಶುಚಿ ಮಾಡಲು ಎಷ್ಟಾಗುತ್ತದೆ ಅಂತ ಕೇಳಿ.

ಎಕ್ಸೆಲ್ ಆಮದಿನ ಬಗ್ಗೆ ಸೇಲ್ಸ್‌ನವರಿಗೆ ಎರಡು ಪ್ರಶ್ನೆ: ಕ್ಲಿನಿಕ್ ಕೆಲಸ ಶುರು ಮಾಡುವ ದಿನಾಂಕ ಯಾವುದು, ಆಮದು ಒಮ್ಮೆ ಮಾತ್ರವೋ ಪದೇ ಪದೇ ಬೇಕೋ? ಒಮ್ಮೆ ಮಾತ್ರ ಅಂದರೆ ಪರದೆ, ಬಟನ್, ಬಳಕೆದಾರರಿಗೆ ತೋರಿಸುವ ತಪ್ಪಿನ ಸಂದೇಶ ಇವಾವುವೂ ಬೇಡ. ಅವರ ಫೈಲ್ ತರಿಸಿಕೊಂಡು ಡೆವಲಪರ್ ಒಬ್ಬರು ಸ್ಕ್ರಿಪ್ಟ್‌ನಿಂದ ಒಳಗೆ ತುಂಬಿದರೆ ಆಯಿತು. ಇಂಥ ಬೇರೆ ಗ್ರಾಹಕರು ಇನ್ನಷ್ಟು ಬಂದಾಗ ಪರದೆಯ ಮಾತು.

ಇಷ್ಟಾದ ಮೇಲೆ ಒಂದೇ ಅಳತೆಯ ತುಂಡುಗಳು ಕೈಯಲ್ಲಿರುತ್ತವೆ. ಮೇಲಿನವರು ಹೇಳಿದ ಭಾಗಾಕಾರಕ್ಕೆ ಆಗ ಅರ್ಥ ಬರುತ್ತದೆ.

---

ಉತ್ತರ: ಟೆಸ್ಟ್ ಬೆಂಚ್

ಹಳೇ ಬಿಎ ಅವರ ಮೊದಲ ತುಂಡು ನೋಡಿದ ಕೂಡಲೇ ನನಗೆ ಕಂಡದ್ದು "ಫೋನ್ ನಂಬರ್ ಸಮೇತ ಪಟ್ಟಿ" ಅನ್ನುವ ಮಾತು. ರೋಗಿಗಳ ಹೆಸರು, ನಂಬರ್, ಯಾವ ವೈದ್ಯರನ್ನು ಕಾಣಲಿದ್ದರು ಅನ್ನುವುದೆಲ್ಲ ಒಂದೇ ಪರದೆಯಲ್ಲಿ. ಅದನ್ನು ಯಾರು ತೆರೆಯಬಹುದು? ಡೌನ್‌ಲೋಡ್ ಮಾಡಬಹುದೇ? ಯಾರು ಯಾವಾಗ ನೋಡಿದರು ಎಂಬ ದಾಖಲೆ ಉಳಿಯುತ್ತದೆಯೇ?

ಸ್ಟೋರಿ ಮ್ಯಾಪ್‌ನಲ್ಲಿ ಇಂಥ ರಿಕ್ವೈರ್‌ಮೆಂಟ್‌ಗಳಿಗೆ ಸುಲಭವಾಗಿ ಜಾಗ ಸಿಗುವುದಿಲ್ಲ, ಯಾಕೆಂದರೆ ಅವು ಯಾವುದೋ ಒಂದು ಹೆಜ್ಜೆಗೆ ಸೇರಿದವಲ್ಲ. ವೇಗ, ಸುರಕ್ಷತೆ, ಗೌಪ್ಯತೆ, ಕಣ್ಣು ಸರಿಯಾಗಿ ಕಾಣದವರಿಗೂ ಬಳಸಲು ಬರುವುದು, ಇವು ಎಲ್ಲ ಹೆಜ್ಜೆಗೂ ಬೇಕು. ಇವನ್ನು ಬೇರೆ ಟಿಕೆಟ್ ಮಾಡಿ ಬ್ಯಾಕ್‌ಲಾಗ್‌ಗೆ ಹಾಕಿದರೆ ಸದಾ ಕೆಳಗೇ ಇರುತ್ತವೆ. ಎಲ್ಲ ಕೆಲಸಕ್ಕೂ ಅನ್ವಯಿಸುವಂಥದ್ದನ್ನು ಡೆಫಿನಿಷನ್ ಆಫ್ ಡನ್‌ನಲ್ಲಿ (ಯಾವ ಕೆಲಸವೂ ಮುಗಿಯಿತು ಅನ್ನಲು ಇರಬೇಕಾದ ಷರತ್ತುಗಳ ಪಟ್ಟಿಯಲ್ಲಿ) ಬರೆಯಿರಿ. ಒಂದು ಸ್ಟೋರಿಗೆ ಮಾತ್ರ ಸಂಬಂಧಿಸಿದ್ದನ್ನು ಅದರ ಅಕ್ಸೆಪ್ಟೆನ್ಸ್ ಕ್ರೈಟೀರಿಯಾದಲ್ಲಿ (ಆ ಸ್ಟೋರಿಯನ್ನು ಒಪ್ಪಿಕೊಳ್ಳುವ ಷರತ್ತುಗಳಲ್ಲಿ) ಬರೆಯಿರಿ, ಅಳೆಯಲು ಬರುವ ಹಾಗೆ. "ಕ್ಯಾಲೆಂಡರ್ ಸ್ಲೋ" ಅನ್ನುವ ನಿಮ್ಮ ಟಿಕೆಟ್ಟನ್ನು ನಾನು ಟೆಸ್ಟ್ ಮಾಡಲಾರೆ. "ಒಂದು ದಿನಕ್ಕೆ ಇನ್ನೂರು ಬುಕಿಂಗ್ ಇದ್ದಾಗಲೂ ದಿನದ ಪಟ್ಟಿ ಎರಡು ಸೆಕೆಂಡಿನೊಳಗೆ ತೆರೆಯಬೇಕು" ಅಂದರೆ ಮಾಡಬಲ್ಲೆ. ಎಷ್ಟು ಬುಕಿಂಗ್, ಎಷ್ಟು ಸೆಕೆಂಡ್ ಅನ್ನುವುದನ್ನು ರಿಸೆಪ್ಷನ್‌ನವರನ್ನೇ ಕೇಳಿ ತುಂಬಿ.

ಬಗ್‌ಗಳಿಗೆ ಬೇರೆ ಪಟ್ಟಿ ಇದ್ದರೆ ಅದನ್ನೂ ಇದೇ ಸಾಲಿಗೆ ತನ್ನಿ. ಎರಡು ಪಟ್ಟಿ ಇದ್ದರೆ ಎರಡಕ್ಕೂ ಒಂದೊಂದು ನಂಬರ್ ಒನ್ ಇರುತ್ತದೆ, ಇರುವ ಡೆವಲಪರ್‌ಗಳು ಮಾತ್ರ ಅವರೇ ಐದು ಜನ.

---

ಉತ್ತರ: ಫೀಲ್ಡ್ ಸೇಲ್ಸ್

ಇಲ್ಲಿ ಸೇಲ್ಸ್ ಕಡೆಯವನು ನಾನೊಬ್ಬನೇ ಇರಬೇಕು. ನಾವು ಜೋರು ಮಾಡುತ್ತೇವೆ ಅನ್ನುವುದು ನಿಜ, ಆದರೆ ಅದಕ್ಕೊಂದು ಕಾರಣ ಇದೆ. ಗ್ರಾಹಕರ ಎದುರು ಕೂತಾಗ ನಮ್ಮ ಕೈಯಲ್ಲಿ ಉತ್ತರ ಇರುವುದಿಲ್ಲ. ಟಿಕೆಟ್ ಹಾಕಿದೆವು, ಅದು ಬ್ಯಾಕ್‌ಲಾಗ್‌ನಲ್ಲಿದೆ ಅಂತ ಹೇಳಿದರೆ ಅವರಿಗೆ ಅರ್ಥವಾಗುವುದು "ಆಗುವುದಿಲ್ಲ" ಅಂತಲೇ. ನನಗೆ ನಿಖರ ದಿನಾಂಕ ಬೇಡ. ಈಗ ಮಾಡುತ್ತಿರುವುದು, ಇದಾದ ಮೇಲಿನದು, ಮುಂದೆ ಯಾವಾಗಲೋ, ಇಷ್ಟು ಮೂರು ಗುಂಪನ್ನು ತೋರಿಸುವ ಒಂದು ಪುಟ ಕೊಟ್ಟರೆ ಸಾಕು. ನಮ್ಮಲ್ಲಿ ಈ ಪುಟ ಬಂದ ಮೇಲೆ ನಾನು ಪಿಓಗೆ ಫೋನ್ ಮಾಡುವುದು ಬಹಳ ಕಡಿಮೆಯಾಗಿದೆ.

ಆದರೆ ಕೆಲವು ದಿನಾಂಕಗಳು ಗಟ್ಟಿಯಾದವು. ಒಪ್ಪಂದದಲ್ಲಿ ಬರೆದದ್ದು, ಕಾನೂನು ಹೇಳಿದ್ದು. ಅವನ್ನು ತೆಳು ತುಂಡು ಮಾಡಿ ಆಮೇಲೆ ನೋಡೋಣ ಅನ್ನಲು ಆಗುವುದಿಲ್ಲ. ಅಂಥದ್ದನ್ನು ಎಲ್ಲಿ ಇಡುತ್ತೀರಿ?

---

ಉತ್ತರ: ಹಳೇ ಬಿಎ

ಟೆಸ್ಟ್ ಬೆಂಚ್ ಹೇಳಿದ್ದು ನೂರಕ್ಕೆ ನೂರು ಒಪ್ಪುವಂಥದ್ದು. ಆ ಪಟ್ಟಿಯ ಪರದೆಗೆ ಯಾರು ನೋಡಬಹುದು ಎಂಬ ಷರತ್ತು ಮೊದಲ ತುಂಡಿನಲ್ಲೇ ಇರಬೇಕು, ಎರಡನೆಯದಕ್ಕೆ ಮುಂದೂಡಬಾರದು. ತುಂಡು ತೆಳುವಾಗಿಸುವುದು ಸೌಲಭ್ಯ ಕಡಿಮೆ ಮಾಡಿ, ಗುಣಮಟ್ಟ ಕಡಿಮೆ ಮಾಡಿ ಅಲ್ಲ.

ಫೀಲ್ಡ್ ಸೇಲ್ಸ್ ಅವರೇ, ಗಟ್ಟಿ ದಿನಾಂಕದ ಕೆಲಸದ ಸ್ವಭಾವವೇ ಬೇರೆ. ರಜೆಯ ತೊಂದರೆಯಿಂದ ಪ್ರತಿ ವಾರ ಒಂದಿಷ್ಟು ನಷ್ಟ ಆಗುತ್ತಲೇ ಇದೆ, ಬೇಗ ಮುಗಿಸಿದಷ್ಟೂ ಲಾಭ. ಕಾನೂನಿನ ದಿನಾಂಕ ಹಾಗಲ್ಲ. ಆ ದಿನದವರೆಗೆ ನಷ್ಟ ಸೊನ್ನೆ, ಮರುದಿನದಿಂದ ದೊಡ್ಡದು. ಹಾಗಾಗಿ ಅದನ್ನು ಇವತ್ತೇ ಪಟ್ಟಿಯ ತಲೆಗೆ ತಂದರೂ ವಿಶೇಷ ಲಾಭ ಇಲ್ಲ. ದಿನಾಂಕದಿಂದ ಹಿಂದಕ್ಕೆ ಎಣಿಸಿ, ಕೆಲಸದ ಅಂದಾಜು ಮತ್ತು ಅದು ತಪ್ಪಿದರೆ ಬೇಕಾಗುವ ಅವಕಾಶ ಎರಡನ್ನೂ ಕಳೆದು, ಯಾವ ಸ್ಪ್ರಿಂಟ್‌ನಲ್ಲಿ ಶುರು ಮಾಡಲೇಬೇಕು ಅನ್ನುವುದನ್ನು ಗೋಡೆಯ ಮೇಲೆ ಬರೆದಿಡಬೇಕು. ಅಷ್ಟು ಮಾಡಿದರೆ ಆ ಸ್ಪ್ರಿಂಟ್ ಬರುವವರೆಗೆ ಬೇರೆ ಕೆಲಸಕ್ಕೆ ಅದು ಅಡ್ಡ ಬರುವುದಿಲ್ಲ. ಒಳಗೆ ಏನು ಅಡಗಿದೆ ಅಂತ ಗೊತ್ತಿಲ್ಲದ ಕೆಲಸವಾದರೆ ಒಂದು ಚಿಕ್ಕ ಸ್ಪೈಕ್ (ತಿಳಿದುಕೊಳ್ಳಲಷ್ಟೇ ಮಾಡುವ ಪ್ರಯೋಗ) ಮಾತ್ರ ಬೇಗ ಮಾಡಿ ಮುಗಿಸುವುದು ಒಳ್ಳೆಯದು.

ಮೂರು ಗುಂಪಿನ ಪುಟ ಬಹಳ ಒಳ್ಳೆಯ ಸಲಹೆ. ಹೊಸ ಪಿಓ ಅವರು ಅದನ್ನು ಖಂಡಿತ ಮಾಡಬೇಕು. ಜೊತೆಗೆ, ಪ್ರತಿ ನಿರ್ಧಾರದ ಪಕ್ಕ ಒಂದು ಸಾಲಿನ ಕಾರಣ ಇರಲಿ. ಪ್ರಾಡಕ್ಟ್ ಓನರ್ ಒಬ್ಬ ವ್ಯಕ್ತಿ, ಸಮಿತಿಯಲ್ಲ ಅಂತ ಸ್ಕ್ರಮ್ ಗೈಡ್ (ಸ್ಪ್ರಿಂಟ್‌ಗಳಲ್ಲಿ ಕೆಲಸ ಮಾಡುವ ಸ್ಕ್ರಮ್ ಪದ್ಧತಿಯ ಕೈಪಿಡಿ) ಸ್ಪಷ್ಟವಾಗಿ ಹೇಳುತ್ತದೆ, ಇಡೀ ಸಂಸ್ಥೆ ಅವರ ನಿರ್ಧಾರವನ್ನು ಗೌರವಿಸಬೇಕು ಅಂತಲೂ ಹೇಳುತ್ತದೆ. ಗೈಡ್ ತೋರಿಸಿದ ಮಾತ್ರಕ್ಕೆ ಯಾರೂ ಗೌರವಿಸುವುದಿಲ್ಲ. ಕಾರಣ ಕಂಡರೆ, ಒಪ್ಪದವರೂ ಕಾರಣದ ಮೇಲೆ ವಾದ ಮಾಡುತ್ತಾರೆ. ಆ ವಾದದಿಂದ ನಿಮಗೆ ಗೊತ್ತಿಲ್ಲದ ಸಂಗತಿ ಹೊರಬರುವುದೂ ಉಂಟು.

---

ಪ್ರಶ್ನೆ ಕೇಳಿದವರಿಂದ: ಹೊಸ ಪಿಓ

ಎಲ್ಲರಿಗೂ ತುಂಬು ಹೃದಯದ ಧನ್ಯವಾದ. ಆಮದಿನ ಬಗ್ಗೆ ಆ ಎರಡು ಪ್ರಶ್ನೆ ಕೇಳಿದೆ. ಒಮ್ಮೆ ಮಾತ್ರವಂತೆ, ಅದೂ ಮುಂದಿನ ತಾರೀಖುಗಳ ಬುಕಿಂಗ್‌ಗಳು ಮಾತ್ರ, ಹಳೆಯ ಇತಿಹಾಸ ಬೇಡವಂತೆ. ಸ್ಕ್ರಿಪ್ಟ್ ಸಾಕು ಅಂತ ನಮ್ಮ ಡೆವಲಪರ್ ಕೂಡ ಒಪ್ಪಿದರು. ಸೇಲ್ಸ್‌ನವರು ಪರದೆ ಬೇಕು ಅಂತ ಕೇಳಿರಲೇ ಇಲ್ಲ, ಟಿಕೆಟ್ ಬರೆದವರು ಹಾಗೆ ಊಹಿಸಿಕೊಂಡಿದ್ದರು.

ಗೋಡೆ ಅರ್ಧ ಆಗಿದೆ. ರಿಸೆಪ್ಷನ್‌ನಲ್ಲಿ ಕೂರುವ ಒಬ್ಬರು ಬಂದಿದ್ದರು. ನೇರವಾಗಿ ಬಂದವರನ್ನು ನಡುವೆ ಸೇರಿಸುವ ಹೆಜ್ಜೆ ಬಂದಾಗ, ಅದನ್ನು ನಾವು ಸಿಸ್ಟಂನಲ್ಲಿ ಹಾಕುವುದೇ ಇಲ್ಲ, ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ ಎಂದರು. ಆ ಹೆಜ್ಜೆಯ ಕೆಳಗೆ ನಮ್ಮಲ್ಲಿ ಒಂದು ಟಿಕೆಟ್ಟೂ ಇರಲಿಲ್ಲ.

ಒಂದೇ ಸಂದೇಹ ಉಳಿದಿದೆ. ಗೋಡೆಯ ಮೇಲಿರುವ ಎಲ್ಲವನ್ನೂ ಈಗಲೇ ವಿವರವಾಗಿ ಬರೆದು ಪಾಯಿಂಟ್ (ಕೆಲಸದ ಗಾತ್ರದ ಅಂದಾಜು) ಹಾಕಿಸಬೇಕೇ? ಟಿಕೆಟ್‌ಗಳನ್ನು ಬಿಡಿಸಿ ವಿವರ ತುಂಬುವ ರಿಫೈನ್‌ಮೆಂಟ್ ಮೀಟಿಂಗ್ ಅಂದರೇ ತಂಡದವರು ಬೇಸತ್ತಿದ್ದಾರೆ.

---

ಉತ್ತರ: ಹಳೇ ಬಿಎ

ಬೇಡ, ಖಂಡಿತ ಬೇಡ. ಮುಂದಿನ ಒಂದೆರಡು ಸ್ಪ್ರಿಂಟ್‌ಗೆ ಬೇಕಾಗುವಷ್ಟನ್ನು ಮಾತ್ರ ವಿವರವಾಗಿ ಬರೆಯಿರಿ. ಅದರ ಕೆಳಗಿನದಕ್ಕೆ ಒಂದು ಸಾಲು ಸಾಕು, ಇನ್ನೂ ಕೆಳಗಿನದಕ್ಕೆ ಗೋಡೆಯ ಮೇಲಿನ ಕಾರ್ಡೇ ಸಾಕು. ಬಹಳ ಮುಂಚೆ ಬರೆದ ವಿವರ ಕೆಲಸ ಶುರುವಾಗುವ ಹೊತ್ತಿಗೆ ಹಳತಾಗಿರುತ್ತದೆ, ಆದರೂ ಬರೆದಿದೆಯಲ್ಲ ಅಂತ ಯಾರೂ ಮತ್ತೆ ಮಾತಾಡಲು ಹೋಗುವುದಿಲ್ಲ. ಸ್ಕ್ರಮ್ ಗೈಡ್‌ನ ಹಿಂದಿನ ಆವೃತ್ತಿಗಳಲ್ಲಿ ರಿಫೈನ್‌ಮೆಂಟ್‌ಗೆ ತಂಡದ ಸಾಮರ್ಥ್ಯದ ಶೇಕಡಾ 10ಕ್ಕಿಂತ ಹೆಚ್ಚು ಹೋಗುವುದಿಲ್ಲ ಎಂಬ ಮಾತಿತ್ತು, 2020ರ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ನಾನು ಈಗಲೂ ಆ ಸಂಖ್ಯೆಯನ್ನು ಮೇಲಿನ ಮಿತಿಯಾಗಿ ಇಟ್ಟುಕೊಂಡಿದ್ದೇನೆ.

ಮೀಟಿಂಗ್‌ಗೆ ಎಲ್ಲರನ್ನೂ ಕೂರಿಸಬೇಡಿ. ಒಂದು ಸ್ಟೋರಿಗೆ ನೀವು, ಒಬ್ಬ ಡೆವಲಪರ್, ನಿಮ್ಮ ಟೆಸ್ಟರ್, ಮೂರು ಜನ ಅರ್ಧ ಗಂಟೆ ಕೂತು ಉದಾಹರಣೆಗಳನ್ನು ಬರೆಯಿರಿ. ರಜೆಯ ಮೊದಲ ತುಂಡಿಗೆ ಹೀಗೆ: ವೈದ್ಯರು ಬೆಳಿಗ್ಗೆ ಮಾತ್ರ ಇಲ್ಲದಿದ್ದರೆ? ರಜೆ ಹಾಕಿದ ಮೇಲೆ ರದ್ದು ಮಾಡಿದರೆ ಆ ಸಮಯಗಳು ಮತ್ತೆ ತೆರೆಯಬೇಕೇ? ಅದೇ ಕ್ಷಣದಲ್ಲಿ ಒಬ್ಬ ರೋಗಿ ಬುಕ್ ಮಾಡುತ್ತಿದ್ದರೆ? ಉತ್ತರ ಗೊತ್ತಿಲ್ಲದ ಪ್ರಶ್ನೆ ಎರಡಕ್ಕಿಂತ ಹೆಚ್ಚು ಉಳಿದರೆ ಆ ಸ್ಟೋರಿ ಈ ಸ್ಪ್ರಿಂಟ್‌ಗೆ ಬೇಡ, ನೀವು ಉತ್ತರ ತನ್ನಿ. ಉದಾಹರಣೆಗಳೇ ತುಂಬ ಹೆಚ್ಚಾದರೆ ಸ್ಟೋರಿಯನ್ನು ಇನ್ನೊಮ್ಮೆ ಸೀಳಿ. ಅರ್ಧ ದಿನದ ರಜೆಯನ್ನು ನಾನಂತೂ ಬೇರೆ ತುಂಡು ಮಾಡುತ್ತಿದ್ದೆ.

ಪುಸ್ತಕದ ವಿಷಯ ಓದಿ ಬಹಳ ಸಂತೋಷವಾಯಿತು. ನೇರವಾಗಿ ಬಂದವರು ಸಿಸ್ಟಂನಲ್ಲಿ ಇಲ್ಲ ಅಂದರೆ ಮೊಬೈಲ್‌ನಲ್ಲಿ ಖಾಲಿ ಕಾಣುವ ಸಮಯ ನಿಜವಾಗಿ ಖಾಲಿ ಇಲ್ಲ. ರಜೆಯ ಮೊದಲ ತುಂಡು ಮುಗಿದ ಕೂಡಲೇ ಅದನ್ನು ಕೈಗೆತ್ತಿಕೊಳ್ಳಿ, ಶುರು ಮಾಡುವ ಮುಂಚೆ ಆ ಪುಸ್ತಕದಲ್ಲಿ ಯಾವ ಯಾವ ಕಾಲಂ ಎಳೆದುಕೊಂಡಿದ್ದಾರೆ ಅಂತ ಅವರನ್ನು ಕೇಳಿ ಬರೆದುಕೊಳ್ಳಿ.